ಕೈಪಿಡಿಯ ನಲವತ್ತೊಂದನೆಯ ಪುಟ

ಗುರುವಾರ, ಅಕ್ಟೋಬರ್ ೧೬
ಮಧ್ಯಾಹ್ನ ಮೂರೂವರೆ

ಮೌನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಗೀಟಿನ ಅಡಿಯಲ್ಲಿ ಅದು ಇನ್ನೂ ಕಾಣಿಸುತ್ತಿದ್ದರೆ ಕಾಣಿಸಲಿ, ಮತ್ತೊಂದು ಹಾಳೆ ತೆಗೆಯುವಷ್ಟು ತಾಳ್ಮೆ ನನಗಿಲ್ಲ. ಕ್ಷೇಮವೇ ಎಂದೂ ಕೇಳುವುದಿಲ್ಲ. ನಿನ್ನ ನೆಗಡಿ, ನಿನ್ನ ಹೊಸ ಚಪ್ಪಲಿ, ಎಲ್ಲ ಸುದ್ದಿಯನ್ನೂ ನಿಮ್ಮಮ್ಮ ವಾರಕ್ಕೆರಡು ಸಲ ಫೋನ್ ಮಾಡಿ ನಾನು ಕೇಳದಿದ್ದರೂ ಹೇಳುತ್ತಾರೆ.

ಕಾಗದದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮೇಲಿಂಗ್ ಲಿಸ್ಟಿಗೆ ಬರೆದರೆ ಎರಡು ಸಾವಿರ ಜನ ಓದುತ್ತಾರೆ. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಈ ಕರ್ನಲ್‌ನ ಕೆಲಸವೆಲ್ಲ ಅಲ್ಲಿ ಬಟ್ಟಬಯಲಿನಲ್ಲೇ ನಡೆಯಬೇಕು ಎಂಬುದು ನಮ್ಮ ನಿಯಮ, ಸರಿ. ಆದರೆ ಗಂಡನಿಂದ ಉತ್ತರ ಸಿಗದೆ ಅದರ ಕೈಪಿಡಿ ನೋಡಿಕೊಳ್ಳುವವಳು ಮೂರು ಮೂರು ಸಲ ಅಂಗಲಾಚುವುದನ್ನು ಅಷ್ಟೂ ಜನ ನೋಡಿಯಾಗಿದೆ. ನಾಲ್ಕನೆಯ ಸಲ ಬೇಡ.

ವಿಷಯ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಗೊತ್ತಿರುವುದನ್ನು ಬರೆದಿಡುವುದೇ ನನ್ನ ಕಸುಬು. ನಲವತ್ತೊಂದನೆಯ ಪುಟ ಸುಳ್ಳು ಹೇಳುತ್ತಿದೆ. ಸಾಧನವನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ಎಂಬ ಕೋಡ್ ಬರೆಯುವವರು ಮೊದಲು ಸಾಧನಗಳ ಪಟ್ಟಿಯ ಲಾಕ್ ಹಿಡಿಯಬೇಕು, ಆಮೇಲೆ ಸಾಧನದ ಲಾಕ್ ಎಂದು ಅಲ್ಲಿದೆ. ಫೆಬ್ರವರಿಯಲ್ಲಿ ನೀನು ಕೋಡಿನಲ್ಲಿ ಆ ಕ್ರಮವನ್ನು ತಿರುಗಿಸಿದೆ. ಪುಟ ಮಾತ್ರ ಹಾಗೇ ಉಳಿಯಿತು. ನಾನು ಕೋಡನ್ನು ಕೆದಕಿ ಕೆದಕಿ ಅರ್ಥ ಮಾಡಿಕೊಂಡು ತಿದ್ದುಪಡಿ ಬರೆದೆ. ಜೂನ್‌ನಲ್ಲಿ ಕಳಿಸಿದೆ, ಆಗಸ್ಟ್‌ನಲ್ಲಿ ಕಳಿಸಿದೆ, ಹೋದ ವಾರ ಮತ್ತೆ ಕಳಿಸಿದೆ. ಆ ಭಾಗದ ಉಸ್ತುವಾರಿ ನಿನ್ನದು. ನೀನು ಒಂದು ಸಾಲಿನಲ್ಲಿ ಒಪ್ಪಿಗೆ ಕೊಡದೆ ಆ ಪುಟವನ್ನು ನಾನು ಮುಟ್ಟುವ ಹಾಗಿಲ್ಲ. ನಿನ್ನ ಹೆಸರು, ಅದರ ಹಿಂದೆ ‘ಒಪ್ಪಿದ್ದೇನೆ’. ಬೆರಳು ಸವೆಯುವ ಕೆಲಸವಲ್ಲ.

ಭಾನುವಾರ ಕರ್ನಲ್‌ನ ಈ ಆವೃತ್ತಿ ಬಾಗಿಲು ಹಾಕುತ್ತದೆ, ಆಮೇಲೆ ತಿದ್ದುವ ಹಾಗಿಲ್ಲ. ಇದು ಮಾಮೂಲಿ ಆವೃತ್ತಿಯಲ್ಲ, ಐದು ವರ್ಷ ಬಾಳುವಂಥದ್ದು. ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ ಕೂರಿಸುವುದು ಇದನ್ನೇ, ಜತೆಗೆ ಹೋಗುವ ಕೈಪಿಡಿಯೂ ಇದರದೇ. ಸೋಮವಾರದಿಂದ ಐದು ವರ್ಷ ಆ ಸುಳ್ಳು ನನ್ನ ಹೆಸರು ಹೊತ್ತು ಓಡಾಡುತ್ತದೆ.

ಆ ರಕ್ತನಿಧಿಯ ಲ್ಯಾಬಿನವಳ ಕಥೆ ಗೊತ್ತಲ್ಲ? ನನ್ನಷ್ಟೇ ವಯಸ್ಸಿನವಳು, ಕೋಡ್ ಬರೆಯುವುದು ಅವಳ ಕಸುಬಲ್ಲ. ಹಳೆಯ ಫ್ರಿಜ್ಜಿನ ಥರ್ಮಾಮೀಟರನ್ನು ಕಂಪ್ಯೂಟರಿಗೆ ಜೋಡಿಸಿ, ಶಾಖ ಏರಿದರೆ ಕೂಗುವ ಹಾಗೆ ಮಾಡಬೇಕೆಂದು ನಮ್ಮ ಕೈಪಿಡಿ ಹಿಡಿದು ಕೂತಳು. ಪುಟ ಹೇಳಿದ ಹಾಗೆ ಅಕ್ಷರಕ್ಕೆ ಅಕ್ಷರ ಮಾಡಿದಳು. ಯಂತ್ರ ನಿಂತುಹೋಯಿತು. ಮೂರು ವಾರ ತಪ್ಪು ತನ್ನದೇ ಎಂದುಕೊಂಡು ಒದ್ದಾಡಿ, ಕೊನೆಗೆ ಅಂಜುತ್ತಂಜುತ್ತ ಲಿಸ್ಟಿಗೆ ಬರೆದಳು. ಎಂಟು ತಿಂಗಳು ತುಟಿ ಬಿಚ್ಚದ ನೀನು ಅವಳಿಗೆ ಮಾತ್ರ ಹತ್ತೇ ನಿಮಿಷದಲ್ಲಿ ಉತ್ತರ ಕೊಟ್ಟೆ: ‘ಕೋಡ್ ಓದಿ.’ ಅಷ್ಟೇ. ಅವಳು ನನಗೆ ಬೇರೆಯಾಗಿ ಬರೆದಳು, ನನ್ನಿಂದ ಎಲ್ಲರ ಸಮಯ ಹಾಳಾಯಿತು, ಕ್ಷಮಿಸಿ ಎಂದು. ಕ್ಷಮೆ ಕೇಳಿದವಳು ಅವಳು.

ಮನೆಯಲ್ಲೂ ನಿನ್ನದು ಇದೇ ಚಾಳಿ. ಬಚ್ಚಲಿನ ಗೀಸರಿಗೆ ಹೊಸ ವೈರ್ ಎಳೆದವನು ಸ್ವಿಚ್ಚನ್ನು ಉಲ್ಟಾ ಕೂರಿಸಿದೆ, ಯಾರಿಗೂ ಹೇಳಲಿಲ್ಲ. ನಾಲ್ಕು ದಿನ ನಾನು ತಣ್ಣೀರು ಸುರಿದುಕೊಂಡು ನಡುಗಿದೆ. ನಾನು ಕೇಳಿದರೆ, ‘ಗೊತ್ತಾಗುತ್ತಲ್ಲ’ ಎಂದೆ ನೀನು. ಯಾರಿಗೆ ಗೊತ್ತಾಗುತ್ತದೆ, ಹೇಗೆ ಗೊತ್ತಾಗುತ್ತದೆ? ಅದೇ ಫೆಬ್ರವರಿಯಲ್ಲಿ ಮನೆ ಬಿಟ್ಟಾಗಲೂ ಹಾಗೇ. ಒಂದು ಜಗಳವಿಲ್ಲ, ಒಂದು ಮಾತಿಲ್ಲ. ಶನಿವಾರ ಬೆಳಿಗ್ಗೆ ಎರಡು ಚೀಲ ಹೊತ್ತು, ಸ್ವಲ್ಪ ದಿನ ಬೇರೆ ಇರ್ತೀನಿ ಎಂದು ಹೊರಟವನು ಮೆಟ್ಟಿಲ ಮೇಲೆ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಏನೋ ಹೇಳುತ್ತೀ ಎಂದು ಬಾಗಿಲು ಹಿಡಿದು ಕಾದೆ. ಪಟ್ಟಿ ಸರಿಹೋಯಿತು, ನೀನು ಇಳಿದುಹೋದೆ.

ನಿನ್ನೆ ನಿಮ್ಮಮ್ಮ ಫೋನಿನಲ್ಲಿ, ಅದೇನಮ್ಮಾ ಒಂದು ಪುಟಕ್ಕೆ ಇಷ್ಟೊಂದು ರಾದ್ಧಾಂತ ಎಂದರು. ಬಿಡಿಸಿ ಹೇಳಿದೆ. ಲಾಕ್ ಅಂದರೆ ಕೀಲಿ ಅಂದುಕೊಳ್ಳಿ ಅತ್ತೆ, ಇರುವ ಎರಡೂ ಕೀಲಿ ಇಬ್ಬರಿಗೂ ಬೇಕು, ಒಬ್ಬ ಒಂದನ್ನು ಹಿಡಿದುಕೊಂಡು ಇನ್ನೊಂದಕ್ಕೆ ಕಾಯುತ್ತಾನೆ, ಇನ್ನೊಬ್ಬ ಆ ಇನ್ನೊಂದನ್ನು ಹಿಡಿದುಕೊಂಡು ಇದಕ್ಕೆ ಕಾಯುತ್ತಾನೆ, ಅಲ್ಲಿಗೆ ಎಲ್ಲ ನಿಂತುಹೋಗುತ್ತದೆ ಎಂದೆ. ಅವರು, ಯಾರಾದ್ರೂ ಒಬ್ರು ಬಿಟ್ರೆ ಆಯ್ತಲ್ಲಮ್ಮ, ಅದಕ್ಕೇನು ಇಂಜಿನಿಯರೇ ಬೇಕಾ ಎಂದರು. ನನಗೆ ರೇಗಿತು. ಯಾವಾಗಲೂ ನಾನೇ ಯಾಕೆ ಬಿಡಬೇಕು ಎಂದು ಕೇಳಿಬಿಟ್ಟೆ. ನಾನು ಕರ್ನಲ್ ವಿಷಯ ಹೇಳ್ತಿದ್ದೆ ಕಣೇ ಎಂದು ಫೋನ್ ಇಟ್ಟರು.

ಊಟದ ಮೇಜಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನ ಕುರ್ಚಿಯ ಮೇಲೆ ಉತ್ತರ ಬಾರದ ತಿದ್ದುಪಡಿಗಳ ಪ್ರಿಂಟುಗಳಿವೆ. ನೀನು ಉತ್ತರಿಸಬೇಕಾದವು ಮಾತ್ರವಲ್ಲ, ಬೇರೆ ಉಸ್ತುವಾರಿಗಳು ಉತ್ತರಿಸಬೇಕಾದವೂ. ಕೋಡ್ ಬರೆದವನಿಗೆ ಚಪ್ಪಾಳೆ, ಅದನ್ನು ಬಿಡಿಸಿ ಹೇಳುವವಳು ಮನೆಮನೆಯ ಬಾಗಿಲು ತಟ್ಟಬೇಕು. ಹನ್ನೊಂದು ವರ್ಷ ತಟ್ಟಿದ್ದೇನೆ, ಸಾಕಾಗಿದೆ. ಈ ಪತ್ರ ಕೊರಿಯರ್‌ನವನ ಕೈಯಲ್ಲಿ ಇವತ್ತೇ ನಿನಗೆ ತಲುಪುತ್ತದೆ, ನಾಳೆ ಸಂಜೆಯೊಳಗೆ ನಿನ್ನ ಒಂದು ಸಾಲು ಬಾರದಿದ್ದರೆ ಕೈಪಿಡಿಯ ಉಸ್ತುವಾರಿ ಬಿಡುತ್ತೇನೆ. ಹೆದರಿಸುತ್ತಿಲ್ಲ. ರಾಜೀನಾಮೆಯ ಮೇಲ್ ಬರೆದಿಟ್ಟಿದ್ದೇನೆ, ಅದರಲ್ಲಿ ಕಾರಣವನ್ನೂ ಬರೆದಿದ್ದೇನೆ, ನಿನ್ನ ಹೆಸರನ್ನೂ ಹಾಕಿದ್ದೇನೆ.

ನೀನು ಕೊಡಬೇಕಾದ್ದು ಒಂದೇ ಸಾಲು. ನನಗಾಗಿ ಬೇಡ, ಆ ಲ್ಯಾಬಿನವಳಿಗಾಗಿ ಕೊಡು.

ಇಂತು,
ನೀನೇ ‘ವಟವಟಿ’ ಎಂದು ಕರೆಯುತ್ತಿದ್ದವಳು

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು, ನೀನು ಕ್ರಮ ತಿರುಗಿಸಿದ ದಿನವನ್ನು ತಾರೀಖು ಸಮೇತ ಬರೆದು ಚುಚ್ಚೋಣ ಎಂದು ಮೇಲ್‌ಗಳಲ್ಲಿ ಹುಡುಕಿದೆ. ನೀನು ಹೋದ ಮೇಲೆ, ಲಿಸ್ಟಿಗಲ್ಲದೆ ನನಗೊಬ್ಬಳಿಗೇ ಕಳಿಸಿದ ಮೇಲ್‌ಗಳನ್ನು ನಾನು ತೆರೆದೇ ಇಲ್ಲ. ಬಂದ ಬಂದ ಹಾಗೆ ಪಕ್ಕಕ್ಕೆ ಸರಿಸಿದ್ದೆ. ಒಬ್ಬರನ್ನೊಬ್ಬರು ಬಿಟ್ಟುಬಿಡೋಣ ಎಂಬ ಮಾತೇ ಇರುತ್ತದೆ ಅಂದುಕೊಂಡಿದ್ದೆ. ಒಟ್ಟು ಹನ್ನೆರಡು ಇವೆ. ಇವತ್ತು ಮೊದಲನೆಯದನ್ನು ತೆರೆದೆ. ನೀನು ಹೋದ ನಾಲ್ಕನೆಯ ದಿನದ್ದು.

ಅದರಲ್ಲಿರುವುದು ನಲವತ್ತೊಂದನೆಯ ಪುಟ. ಪೂರ್ತಿ, ಹೊಸ ಕ್ರಮದಲ್ಲಿ, ನಿನ್ನ ಸಹಿಯೊಂದಿಗೆ. ಯಂತ್ರ ನಿಲ್ಲಿಸುವಾಗ ಏನು ಮಾಡಬೇಕೆಂಬುದೂ ಇದೆ, ನನ್ನ ಮೂರು ತಿದ್ದುಪಡಿಗಳಲ್ಲಿ ಅದು ತಪ್ಪಾಗಿತ್ತು. ಮೇಲೆ ಎರಡು ಸಾಲು: ಮೊದಲ ಸಲ ಬರೀತಿದ್ದೀನಿ, ಭಾಷೆ ನೀನು ನೋಡು, ಆಮೇಲೆ ಲಿಸ್ಟಿಗೆ ಹಾಕೋಣ. ಇದನ್ನು ಕಳಿಸಿ ಕಾಯುತ್ತಿದ್ದವನಿಗೆ ನನ್ನ ತಿದ್ದುಪಡಿಗಳು ಬಂದಾಗ ಹೇಗಾಗಿರಬೇಕು ಎಂದು ಈಗ ಅರ್ಥವಾಗುತ್ತಿದೆ. ಆದರೂ, ಫೋನ್ ಮಾಡಿ ಒಂದು ಮಾತು ಹೇಳಬಾರದಿತ್ತೇ?

ಒಂದು ಅಲ್ಪವಿರಾಮವನ್ನೂ ಬದಲಿಸದೆ ಅದನ್ನು ಲಿಸ್ಟಿಗೆ ಹಾಕಿದ್ದೇನೆ. ಬರೆದವನು ನೀನು, ಎಂಟು ತಿಂಗಳು ಅಡಗಿಸಿಟ್ಟವಳು ನಾನು ಎಂದು ಎರಡು ಸಾವಿರ ಜನರಿಗೂ ಬರೆದಿದ್ದೇನೆ. ಲ್ಯಾಬಿನವಳಿಗೆ ಬೇರೆಯಾಗಿ ಕ್ಷಮೆ ಕೇಳಿದ್ದೇನೆ. ರಾಜೀನಾಮೆ ಅಳಿಸಿದ್ದೇನೆ. ಈ ಪತ್ರವನ್ನು ಹರಿಯಲು ಹೋದೆ, ಆದರೆ ಇದರಲ್ಲಿರುವ ಬೈಗುಳದಲ್ಲಿ ಅರ್ಧ ಈಗಲೂ ನಿನಗೇ ಸೇರಬೇಕಾದ್ದು, ಓದು.

ಇನ್ನೂ ಹನ್ನೊಂದು ಮೇಲ್ ಉಳಿದಿವೆ. ಒಬ್ಬಳೇ ಕೂತು ತೆರೆಯಲು ನನಗೆ ಧೈರ್ಯವಿಲ್ಲ. ಅವುಗಳಲ್ಲಿ ಏನು ಬರೆದಿದ್ದೀಯೋ, ಒಮ್ಮೆ ಬಂದು ಬಾಯಲ್ಲಿ ಹೇಳು.