ಮೈಕೆಲ್‌ಗೆಂದು ಇಟ್ಟ ತಟ್ಟೆ

ಲಾಸ್ ಆಲ್ಟೋಸ್, ಮಾರ್ಚ್ ೧೯೮೬

ಪಕ್ಕದ ಮನೆಯ ನೋರಮ್ಮನವರಿಗೆ,

ನೀವು ಬದುಕಿದ್ದಷ್ಟು ದಿನ ನಿಮ್ಮನ್ನು ಬರೀ ನೋರಾ ಎಂದೇ ಕರೆದೆ. ಎಪ್ಪತ್ತು ದಾಟಿದ ಹೆಂಗಸನ್ನು ಹಾಗೆ ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಏಳುತ್ತಿರಲಿಲ್ಲ, ನೀವು ಬೇರೇನನ್ನೂ ಒಪ್ಪುತ್ತಿರಲಿಲ್ಲ. ಈಗ ನೀವು ಜಗಳಕ್ಕೆ ಬರುವಂತಿಲ್ಲವಲ್ಲ, ಅಮ್ಮ ಸೇರಿಸಿದ್ದೇನೆ. ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ಬೈಯಬೇಡಿ. ಸತ್ತ ಮೇಲೂ ಭಾಷೆಯ ತೊಡಕು ಇರುತ್ತದೆಯೇ? ಇದ್ದರೆ ನಮ್ಮಪ್ಪ ಆ ಕಡೆಯೇ ಇದ್ದಾರೆ, ಅವರಿಂದ ಓದಿಸಿಕೊಳ್ಳಿ. ಸ್ಟೇಷನ್ ಮಾಸ್ಟರ್ ಆಗಿದ್ದವರು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ.

ಫಿಲ್ಮ್ ಬಂತು, ನೋರಾ. ನಿಮ್ಮ ತಾತನ ಮನೆಯ ಜನಗಣತಿ ಇರುವ ಆ ಮೈಕ್ರೋಫಿಲ್ಮು. ನಿಮ್ಮನ್ನು ಮಣ್ಣು ಮಾಡಿ ಮೂರು ವಾರ ಆಗಿತ್ತು. ವಂಶದ ದಾಖಲೆ ಹುಡುಕುವವರಿಗೆಂದೇ ಇರುವ ಆ ಚರ್ಚಿನ ಲೈಬ್ರರಿಯವರು ನಿಮ್ಮ ಮನೆಗೆ ಫೋನ್ ಮಾಡಿ ಮಾಡಿ ಸಾಕಾಗಿ ನನಗೆ ಮಾಡಿದರು. "ನೋರಾ ಅವರು ಯಾವಾಗ ಬರ್ತಾರೆ?" ಎಂದು ಆ ಹೆಂಗಸು ಕೇಳಿದಾಗ, ಇನ್ನು ಬರುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಈ ವಾರ ಬರುತ್ತೇವೆ ಎಂದುಬಿಟ್ಟೆ.

ನಿಮ್ಮ ಮಗಳು ಗಿಲ್‌ರಾಯ್‌ಗೆ ವಾಪಸು ಹೋಗುವ ಮುಂಚೆ ನಿಮ್ಮ ಅಡುಗೆಮನೆಯ ದೀಪಕ್ಕೆ ಟೈಮರ್ ಹಾಕಿದ್ದಾಳೆ, ಖಾಲಿ ಮನೆ ಎಂದು ಕಳ್ಳರಿಗೆ ಗೊತ್ತಾಗದಿರಲಿ ಅಂತ. ಸಂಜೆ ಕತ್ತಲಾಗುವ ಹೊತ್ತಿಗೆ ಅದು ತಾನಾಗಿ ಹತ್ತಿಕೊಳ್ಳುತ್ತದೆ. ಟೈಮರ್ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ನಮ್ಮ ಸಿಂಕಿನ ಮುಂದೆ ನಿಂತಿರುವ ನಾನು ದಿನಾ ನಿಮ್ಮ ಕಿಟಕಿಯತ್ತ ತಲೆ ಎತ್ತಿಬಿಡುತ್ತೇನೆ. ಮೊನ್ನೆ ಆ ಬೆಳಕಿನೊಳಗಿಂದ ಕುರ್ಚಿ ಎಳೆದ ಸದ್ದೂ ಕೇಳಿತು. ಕೇಳಿತೋ, ಕೇಳಲಿ ಎಂದು ನಾನೇ ಕಾದು ನಿಂತಿದ್ದೆನೋ...

ನಿಮ್ಮ ಮನೆಯಲ್ಲಿ ಮೊದಲ ಸಲ ಊಟಕ್ಕೆ ಕೂತ ಭಾನುವಾರ ನೆನಪಿದೆಯೇ? ಇವರು, ಮಗಳು ಸುಮಾ, ನಾನು, ನಾವು ಮೂವರು; ನೀವೊಬ್ಬರು. ಮೇಜಿನ ಮೇಲೆ ಐದು ತಟ್ಟೆ. ಐದನೆಯದು ನೀಲಿ ಅಂಚಿನದು, ಬೋರಲು ಹಾಕಿದ್ದು. ಇನ್ಯಾರೋ ಬರುವವರಿದ್ದಾರೆಂದು ನಾನು ಕೈ ಕಟ್ಟಿ ಕೂತೆ. "ಊಟ ಮಾಡು. ಅದು ಮೈಕೆಲ್‌ದು. ಅವನು ಯಾವಾಗಲೂ ತಡ" ಎಂದು ನೀವು ಆಲೂಗಡ್ಡೆ ಬಡಿಸಿದಿರಿ.

ಆಮೇಲೆ ಹೇಳಿದಿರಿ. ನಿಮ್ಮ ತಾತ ಐರ್ಲೆಂಡಿನಲ್ಲಿ ಕೋಸ್ಟ್‌ಗಾರ್ಡ್. ಕಳ್ಳಸಾಗಣೆಯ ದೋಣಿಗಳ ಮೇಲೆ ಕಣ್ಣಿಡುವುದು, ಮುಳುಗುವ ಹಡಗಿನವರನ್ನು ದಡಕ್ಕೆ ತರುವುದು ಅವರ ಕೆಲಸ. ಒಂದು ದಿನ ಮಗ ಮೈಕೆಲ್‌ನನ್ನೂ ದೋಣಿಯಲ್ಲಿ ಕರೆದುಕೊಂಡು ಹೋದರು. ಅಪ್ಪ ವಾಪಸು ಬಂದರು, ಮಗ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಂದಿನಿಂದ ನಿಮ್ಮಜ್ಜಿ ಒಂದು ತಟ್ಟೆ ಹೆಚ್ಚಿಗೆ ಇಟ್ಟರು. ಆ ಅಭ್ಯಾಸವನ್ನು ನಿಮ್ಮಮ್ಮ ಸ್ಯಾನ್ ಫ್ರಾನ್ಸಿಸ್ಕೋಗೆ ತಂದರು, ಅವರಿಂದ ನಿಮಗೆ ಬಂತು. ತಾತ ಮಾತ್ರ ಆ ತಟ್ಟೆಗೆ ಬೆನ್ನು ಹಾಕಿ ಉಣ್ಣುತ್ತಿದ್ದರಂತೆ. ಹುಡುಗನ ಹೆಸರನ್ನು ಮತ್ತೆ ಬಾಯಲ್ಲಿ ಆಡಲಿಲ್ಲವಂತೆ. "ಕಲ್ಲಿನಂಥ ಮನುಷ್ಯ. ಮರೆತೇಬಿಟ್ಟನಾ ಅಂತ ನನಗೆ ತಿಳೀಬೇಕು. ಕಾಗದ ಅದನ್ನು ಹೇಳಲ್ಲ ಬಿಡು, ಅವನ ಕೈಬರಹವಾದರೂ ನೋಡ್ತೀನಿ" ಎಂದಿರಿ. ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ.

ಐರ್ಲೆಂಡು ಆಗ ಬ್ರಿಟಿಷರ ಕೈಲಿದ್ದುದರಿಂದ ತಾತನ ಸರ್ವಿಸ್ ದಾಖಲೆ ಲಂಡನ್ನಿನಲ್ಲಿತ್ತು. ಅದರ ನಕಲು ಬಂದ ದಿನ ನೀವು ಬೇಲಿಯ ಆಚೆಯಿಂದಲೇ ಕೂಗಿದಿರಿ. ನಮ್ಮ ನಡುವಿನ ಏಪ್ರಿಕಾಟ್ ಮರ ಆಗ ಹೂ ಬಿಟ್ಟಿತ್ತು. ನಿಮ್ಮ ಮುಖ ಮಾತ್ರ ಸೊಟ್ಟ. "ಇವರು ಒಂದೇ ಹೆಸರಿನ ನಾಲ್ಕೈದು ಜನರನ್ನು ಕಲಸಿಬಿಟ್ಟಿದ್ದಾರೆ, ಲಲಿತಾ. ನಮ್ಮವರು ಪಶ್ಚಿಮದ ಕೆರಿ ಕಡೆಯವರು. ಇಲ್ಲಿ ನೋಡಿದರೆ ದೇಶದ ಸುತ್ತ ಎಲ್ಲಾ ದಂಡೆಯೂ ಇದೆ." ಕಾಗದ ನೋಡಿದೆ. ಊರು, ವರ್ಷ, ಮತ್ತೊಂದು ಊರು, ವರ್ಷ. ನನಗೆ ನಗು ತಡೆಯಲಾಗಲಿಲ್ಲ. ನಾನು ಹುಟ್ಟಿದ್ದು ಬೀರೂರು, ನನ್ನಣ್ಣ ಗದಗ, ತಂಗಿ ಲೋಂಡಾ. ಯಾವ ಊರಿನವರು ಎಂದು ಯಾರಾದರೂ ಕೇಳಿದರೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. "ಟ್ರಾನ್ಸ್‌ಫರ್ ನೋರಾ, ಟ್ರಾನ್ಸ್‌ಫರ್! ಇದು ಒಬ್ಬನೇ ಮನುಷ್ಯ!" ಎಂದೆ.

ಹಾಗೇ ಆಗಿತ್ತು. ಕೋಸ್ಟ್‌ಗಾರ್ಡಿನವರನ್ನು ಸ್ವಂತ ಊರಿನ ಹತ್ತಿರ ಹಾಕುತ್ತಿರಲಿಲ್ಲ, ಒಂದೇ ಕಡೆ ಬಹಳ ಕಾಲ ಬಿಡುತ್ತಲೂ ಇರಲಿಲ್ಲ. ಊರವರ ಸ್ನೇಹ ಬೆಳೆದರೆ ಕಳ್ಳಮಾಲು ಕಂಡರೂ ಕಾಣದ ಹಾಗೆ ಇದ್ದುಬಿಡುತ್ತಾರೆ ಎಂಬ ಭಯ. ಇದು ತಿಳಿದ ದಿನ ನೀವು ಮತ್ತೆ ಆ ಊರುಗಳ ಪಟ್ಟಿ ತೆರೆದಿರಿ. "ಹಾಗಾದರೆ ಮೈಕೆಲ್ ಹೋದ ಮೇಲೆ ಅವರು ಆ ದಂಡೆ ಬಿಡಲೇಬೇಕಾಯಿತು. ಅವನು ತಿರುಗಿ ಬಂದಿದ್ದರೆ ಮನೆಯಲ್ಲಿ ಬೇರೆ ಯಾರೋ ಇರುತ್ತಿದ್ದರು" ಎಂದಿರಿ. ಅಜ್ಜಿಯ ತಟ್ಟೆ ಊರಿಂದೂರಿಗೆ ಯಾಕೆ ಹೋಯಿತೆಂದು ನಮಗಿಬ್ಬರಿಗೂ ಆಗ ತಿಳಿಯಿತು.

ನಾನು ಬಾಯಿ ಬಿಟ್ಟಿದ್ದು ಆಗ. ಸುಮಾ ನನ್ನ ಮೊದಲ ಮಗಳಲ್ಲ. ಕ್ಲೀವ್‌ಲ್ಯಾಂಡಿನಲ್ಲಿದ್ದಾಗ ಒಬ್ಬಳು ಹುಟ್ಟಿದ್ದಳು. ನಾಲ್ಕು ತಿಂಗಳಿಗೆ ಜ್ವರ ಬಂದು ಹೋದಳು. ನಮ್ಮಲ್ಲಿ ಅಷ್ಟು ಎಳೆಯ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಅಲ್ಲೇ ಆ ಊರಿನ ಮಣ್ಣಿನಲ್ಲಿ ಇಟ್ಟೆವು. ಅದೇ ವರ್ಷ ಕಂಪನಿ ಇವರನ್ನು ಕ್ಯಾಲಿಫೋರ್ನಿಯಾಗೆ ಕಳಿಸಿತು, ಪಾತ್ರೆಪಡಗ ಕಟ್ಟಿಕೊಂಡು ಬಂದುಬಿಟ್ಟೆವು. ಅವಳನ್ನು ಬಿಟ್ಟು. ನೀವು ಸಮಾಧಾನದ ಮಾತು ಒಂದೂ ಆಡಲಿಲ್ಲ. "ಹೆಸರೇನಿತ್ತು?" ಎಂದಿರಿ. ಅಷ್ಟು ವರ್ಷದಲ್ಲಿ ಅದನ್ನು ಕೇಳಿದವರು ನೀವೊಬ್ಬರೇ. ವೀಣಾ ಎಂದೆ. ಆ ಹೆಸರನ್ನು ನನ್ನ ಬಾಯಿಂದಲೇ ಕೇಳಿ ಎಷ್ಟು ಕಾಲವಾಗಿತ್ತು!

ಇವರ ಮೇಲಿನ ದೂರನ್ನೂ ಅಂದೇ ಹೇಳಿಕೊಂಡೆ. ಡ್ಯಾನ್‌ವಿಲ್‌ನ ಗೆಳೆಯರ ಮನೆಗೆ ಹಬ್ಬಕ್ಕೆ ಹೋದಾಗಲೆಲ್ಲ ಯಾರಾದರೂ ಒಬ್ಬರು "ಸುಮಾ ಒಬ್ಬಳೇನಾ?" ಎಂದು ಕೇಳುತ್ತಾರೆ. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇವರು "ಹೌದು, ಒಬ್ಬಳೇ" ಎಂದು ಮುಗಿಸುತ್ತಾರೆ. ಕಾಫಿಗೆ ಸಕ್ಕರೆ ಬೇಡ ಎಂದಷ್ಟು ಸಲೀಸು. "ನಿಮ್ಮ ತಾತನೂ ನಮ್ಮ ಯಜಮಾನರೂ ಒಂದೇ ಜಾತಿ" ಎಂದೆ. ನೀವು ಕಣ್ಣೊರೆಸಿಕೊಂಡೇ ನಕ್ಕಿರಿ.

ಸರಿ, ಫಿಲ್ಮಿನ ವಿಷಯ. ಆ ಶನಿವಾರ ಹೋದೆ. ಆ ಮಬ್ಬುಗತ್ತಲ ಕೋಣೆ, ಕೈಯಲ್ಲಿ ತಿರುಗಿಸುವ ಹಿಡಿಕೆ, ಕಣ್ಣ ಮುಂದೆ ಓಡುವ ಸತ್ತವರ ಹೆಸರುಗಳು. ತಾತನ ಕೊನೆಯ ಠಾಣೆ ಕೆರಿಯದು, ನಿಮ್ಮವರು ಕೆರಿಯವರಾದದ್ದು ಹಾಗೆ. ಅಲ್ಲೇ ಸಿಕ್ಕರು. ೧೯೧೧ರ ಕಾಗದ. ತಾತ, ಅಜ್ಜಿ, ಇನ್ನೂ ಮದುವೆಯಾಗದ ನಿಮ್ಮಮ್ಮ. ಆ ಗಣತಿಯಲ್ಲಿ ಮದುವೆಯಾದ ಹೆಂಗಸರಿಗೆ ಒಂದು ಪ್ರಶ್ನೆ ಇತ್ತು, ನೋರಾ. ಎಷ್ಟು ಮಕ್ಕಳು ಹುಟ್ಟಿದವು, ಈಗ ಎಷ್ಟು ಬದುಕಿವೆ? ನಿಮ್ಮಮ್ಮ, ಇಬ್ಬರು ಚಿಕ್ಕಮ್ಮಂದಿರು, ಒಬ್ಬ ಮಾವ, ಮೈಕೆಲ್. ಹುಟ್ಟಿದವರು ಐದು, ಸರಿಯಾಗಿಯೇ ಬರೆದಿದೆ. ಮೈಕೆಲ್ ಸಮುದ್ರದ ಪಾಲಾಗಿ ಆಗಲೇ ಹತ್ತು ವರ್ಷದ ಮೇಲಾಗಿತ್ತಲ್ಲವೇ? ಬದುಕಿರುವವರು ಎಂಬಲ್ಲಿ ನೋಡಿದೆ.

ಐದು.

ಕೆಳಗೆ ಮನೆಯ ಯಜಮಾನನೆಂದು ತಾತನ ಸಹಿ. ಅದೇ ಕೈ, ಅದೇ ನೆಟ್ಟಗಿನ ಅಕ್ಷರ. ಅಜ್ಜಿ ಹೇಳಿ ಬರೆಸಿರಬಹುದು ಎನ್ನುತ್ತೀರಿ. ಇರಬಹುದು. ಆದರೆ ಬರೆದವರು ಅವರು, ಸರ್ಕಾರದ ಕಾಗದದ ಮೇಲೆ, ಗಣತಿಗೆ ಬರುವ ಪೊಲೀಸಿನವನ ಕೈಗೆ ಕೊಡುವುದೆಂದು ಗೊತ್ತಿದ್ದೂ. ಜೀವಮಾನವಿಡೀ ಸಮುದ್ರದ ಮೇಲೆ ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟ ಮನುಷ್ಯ ತನ್ನ ಮಕ್ಕಳ ಲೆಕ್ಕ ತಪ್ಪುತ್ತಾರೆಯೇ? ತಟ್ಟೆಗೆ ಬೆನ್ನು ಹಾಕಿ ಕೂತದ್ದು ಅದನ್ನು ನೋಡಲಾರದೆ, ನೋರಾ. ಮರೆತು ಅಲ್ಲ. "ನೋಡಿ ಇಲ್ಲಿ" ಎಂದು ಜೋರಾಗಿಯೇ ಹೇಳಿ ಪಕ್ಕಕ್ಕೆ ತಿರುಗಿದೆ. ಖಾಲಿ ಕುರ್ಚಿ. ಬಂದಾಗ ನಾನೇ ಎರಡು ಕುರ್ಚಿ ಎಳೆದುಕೊಂಡಿದ್ದೆ, ಅಭ್ಯಾಸದಂತೆ.

ಇವರು ಕರೆದುಕೊಂಡು ಹೋಗಲು ಬಂದರು. ಕಾರಿನಲ್ಲಿ ಎಲ್ಲ ಹೇಳಿದೆ. ಫ್ರೀವೇ ಇಳಿದು ಸಿಗ್ನಲ್‌ನಲ್ಲಿ ನಿಂತಾಗ, ಮುಂದಿನ ಕಾರನ್ನೇ ನೋಡುತ್ತಾ ಹೇಳಿದರು. "ಈ ಯುಗಾದಿಗೆ ವೀಣಂಗೆ ಹನ್ನೆರಡು ತುಂಬತ್ತೆ."

ಬೆರಳು ಮಡಿಸಿ ಎಣಿಸಲಿಲ್ಲ, ಯೋಚಿಸಲೂ ಇಲ್ಲ. ನನಗೆ ಸಿಟ್ಟೇ ಬಂತು. "ಮತ್ತೆ ಎಲ್ಲರ ಹತ್ರ ಒಬ್ಬಳೇ ಅಂತೀರಲ್ಲ?"

"ಅವರು ಕೇಳಿದಾಗ ನಿನ್ನ ಮುಖ ನೋಡಕ್ಕಾಗಲ್ಲ ಕಣೇ. ಬೇಗ ಮಾತು ಮುಗೀಲಿ ಅಂತ..."

ಹಿಂದಿನ ಕಾರು ಹಾರ್ನ್ ಹೊಡೆಯಿತು. ಹಸಿರು ಬಂದಿದ್ದು ಇಬ್ಬರಿಗೂ ಕಂಡಿರಲಿಲ್ಲ.

ರಜೆಗೆ ಕ್ಲೀವ್‌ಲ್ಯಾಂಡಿಗೆ ಹೋಗುತ್ತಿದ್ದೇವೆ, ಟಿಕೆಟ್ ಆಗಿದೆ. ಮೈಕೆಲ್‌ನ ತಟ್ಟೆಯನ್ನು ನಿಮ್ಮ ಮಗಳು ನನಗೇ ಕೊಟ್ಟಳು. ಭಾನುವಾರ ತಪ್ಪದೆ ಇಡುತ್ತೇನೆ, ನಿಮ್ಮಾಣೆ. ನಾವು ಬೇರೆ ಊರಿಗೆ ಹೋದರೆ ಅದೂ ಬರುತ್ತದೆ.

ನಿನ್ನೆ ಭಾನುವಾರ. ನಮ್ಮ ಮೂರು ತಟ್ಟೆ ಇಟ್ಟು, ನೀಲಿ ಅಂಚಿನದನ್ನು ಬೋರಲು ಹಾಕಿ, ಸಾರಿನ ಪಾತ್ರೆ ತರಲು ಒಳಗೆ ಹೋದೆ. ಬಂದು ನೋಡಿದರೆ ಅದರ ಪಕ್ಕದಲ್ಲಿ ಇನ್ನೊಂದು, ನಮ್ಮ ಸ್ಟೀಲ್ ತಟ್ಟೆ. ನಾನಿಟ್ಟಿರಲಿಲ್ಲ. ಸುಮಾ ಎರಡನ್ನೂ ನೋಡಿ "ಅಮ್ಮಾ, ಹೂ ಈಸ್ ಕಮಿಂಗ್?" ಎಂದಳು. ನಾನು ಪಾತ್ರೆ ಹಿಡಿದು ನಿಂತೇ ಇದ್ದೆ. ಇವರು ಅವಳ ತಟ್ಟೆಗೆ ಅನ್ನ ಬಡಿಸುತ್ತಾ ಹೇಳಿದರು:

"ನೀಲಿದು ಮೈಕೆಲ್‌ದು ಪುಟ್ಟಾ. ಸ್ಟೀಲಿಂದು ನಿಮ್ಮಕ್ಕಂದು."

ಬೇಲಿಯ ಈಚೆಯಿಂದ,
ಲಲಿತಾ