ಹುಳು ಮನೆಯ ಗುಮ್ಮ

ಗುಡೇಮಾರನಹಳ್ಳಿ
೧೨-೮-೨೦೦೬

ಮಗಳು ಯಶೋದಾಳಿಗೆ ಅವ್ವನ ಆಶೀರ್ವಾದ. ಫ್ಯಾಕ್ಟರಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು ನಯನ ಎಣ್ಣೆ ಕೈಯಲ್ಲಿ ರೇಷ್ಮೆ ಹುಳು ಮುಟ್ಟದಿರಲೆಂದು, ಹುಳು ಮನೆಯಲ್ಲಿ ಗುಮ್ಮ ಇದೆ ಅಂತ ನಾನೇ ಕಥೆ ಕಟ್ಟಿದ್ದೆ. ಹತ್ತು ವರ್ಷ ತುಂಬಿದರೂ ಅವಳು ಆ ಹೊಸ್ತಿಲು ದಾಟಲಿಲ್ಲ. ಮೊನ್ನೆ ಹುಳು ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದವು. ನನ್ನ ಕೈ ಊದಿತ್ತು, ತಡಮಾಡಿದರೆ ಬೆಳೆಯೇ ಹೋಗುತ್ತಿತ್ತು, ಅವಳನ್ನೇ ಒಳಗೆ ಕಳಿಸಬೇಕಾಯಿತು. ಗುಮ್ಮ ಸುಳ್ಳು ಅಂದರೆ ನಂಬಲಿಲ್ಲ, ನಿನ್ನಂತೆಯೇ ಪುಕ್ಕಲು. ಕೊನೆಗೆ, "ಕೈಕಾಲು ತೊಳ್ಕೊಂಡ್ ಬಂದೋರ್ನ ಕಂಡ್ರೆ ಗುಮ್ಮುಂಗೇ ಭಯ ಕಣೇ" ಅಂತ ಕಥೆ ಬೆಳೆಸಿದೆ.

ಮೂರು ಸಲ ತೊಳೆದುಕೊಂಡು, ತೊಳೆದ ಕೈ ಮುಂದೆ ಚಾಚಿಕೊಂಡೇ ಒಳಗೆ ಹೋದಳು. ಸಂಜೆಯೊಳಗೆ ಎಲ್ಲ ಹುಳುಗಳನ್ನೂ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟಳು. ಆಚೆ ಬಂದು, "ಪಾಪ, ಗುಮ್ಮ ಮೂಲೇಲಿ ಕೂತಿತ್ತು ಅಜ್ಜಿ, ಒಸಿ ಸೊಪ್ಪು ಕೊಟ್ಟು ಬಂದೆ" ಅಂದಳು.

ಭಾನುವಾರ ಬಂದು ಅವಳನ್ನು ಹೊಗಳಿ ಹೋಗು. ನನ್ನ ಬಾಯಿಗೆ ಅದು ಬರುವುದಿಲ್ಲ.

ನಿನ್ನ ಅವ್ವ,
ಮುನಿತಾಯಮ್ಮ