ಅಗಲಿದ ಅಮ್ಮನ ನೆನಪಿಗೆ

ಕಾಪು,
28 ನವೆಂಬರ್ 2001

ಪ್ರೀತಿಯ ತಮ್ಮ ಕಾರ್ಲ್ಟನ್,

ಹೇಗಿದ್ದೀ? ಗಂಟಲು ಹೇಗುಂಟು? ಮಸ್ಕತ್ತಿನಲ್ಲಿ ವಾರಕ್ಕೆ ಎರಡೆರಡು ಕಾರ್ಯಕ್ರಮವಂತೆ. ತಣ್ಣೀರು ಕುಡಿಯಬೇಡ, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಕ್ಯಾರಲ್, ಮಕ್ಕಳು ಸೌಖ್ಯವೆಂದು ನಂಬಿದ್ದೇನೆ. ಇಲ್ಲಿ ನಾನು ಸೌಖ್ಯ. ಅಮ್ಮನೂ ಬದುಕಿದ್ದಾರೆ. ಅದನ್ನು ಬೇರೆಯಾಗಿ ಬರೆದು ತಿಳಿಸಬೇಕಾಗಿ ಬಂತಲ್ಲ ಮಾರಾಯ, ಅದಕ್ಕೇ ಈ ಕಾಗದ. ಕೊಂಕಣಿಯಲ್ಲಿ ಬರೆಯಲು ಕುಳಿತರೆ ಅಳು ಬರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕನ್ನಡದಲ್ಲಾದರೆ ಸಿಟ್ಟು ಮಾತ್ರ ಬರುತ್ತದೆ.

ನಿನ್ನ ಕಾರ್ಯಕ್ರಮಗಳಿಗೆ ಗಿಟಾರ್ ಬಾರಿಸುವ ಉಚ್ಚಿಲದ ಲಿಯೋನೆಲ್ ರಜೆಯಲ್ಲಿ ಊರಿಗೆ ಬಂದವನು ಶನಿವಾರ ನಮ್ಮಲ್ಲಿಗೂ ಬಂದಿದ್ದ. ಒಂದು ಕೈಯಲ್ಲಿ ನಿನ್ನ ಹೊಸ ಕ್ರಿಸ್ಮಸ್ ಕ್ಯಾಸೆಟ್, ಇನ್ನೊಂದರಲ್ಲಿ ಮೇಣದಬತ್ತಿಯ ಕಟ್ಟು. ಅಮ್ಮನ ಸಮಾಧಿಗೆಂದು ತಂದದ್ದು. ಅಮ್ಮ ಜಗಲಿಯಲ್ಲಿ ಕುಳಿತು ಒಣಮೀನಿನ ತಲೆ ಮುರಿಯುತ್ತಿದ್ದರು. ಪಾಪ, ಹುಡುಗ ಮೆಟ್ಟಿಲಲ್ಲೇ ಕಲ್ಲಾದ. ಸತ್ತವರೇ ಎದ್ದು "ಬಾ ಮಗಾ, ಚಾ ಕುಡೀತೀಯಾ?" ಎಂದರೆ ಯಾರಿಗಾದರೂ ಎದೆ ಒಡೆಯಬೇಕು! ಅವನು ಕ್ಯಾಸೆಟ್ಟನ್ನು ಕಿಸೆಗೆ ತುರುಕಲು ನೋಡಿದ, ಅಮ್ಮ ಬಿಡಲಿಲ್ಲ. ಮಗ ಹಾಡಿದ್ದಲ್ಲವೇ. ಕೈ ತೊಳೆದು, ಕನ್ನಡಕ ಹಾಕಿ, ಒಳಗಿನ ಕಾಗದ ಬಿಡಿಸಿ ಅಕ್ಷರ ಅಕ್ಷರ ಓದಿದರು. "ನನ್ನನ್ನು ಅಗಲಿದ ಪ್ರೀತಿಯ ಅಮ್ಮ ಐರಿನ್ ಅವರ ನೆನಪಿಗೆ." ಮೇಲೆ ಅವರದೇ ಫೋಟೊ, ನಿನ್ನ ಮದುವೆಯದು. ತುಂಬ ಹೊತ್ತು ನೋಡಿ "ಫೋಟೊ ಒಳ್ಳೆದು ಬಂದಿದೆ" ಎಂದರು.

ಇದು ಹೇಗಾಯಿತೆಂದು ನನಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡ. ಡಿಸೆಂಬರಿಗೆ ಕ್ಯಾಸೆಟ್ ಗಲ್ಫಿಗೆ ಮುಟ್ಟಬೇಕಾದರೆ ಮಳೆಗಾಲದಲ್ಲೇ ಹಾಡಿ ಮುಗಿಸಬೇಕು. ಆಗಸ್ಟಿನ ಆ ಮಳೆಯಲ್ಲಿ ನೀನು ಮಣಿಪಾಲದ ಸ್ಟುಡಿಯೋದಲ್ಲಿ ಬಾಲಯೇಸುವಿನ ಗೋದಲಿಯ ಹಾಡು ಹಾಡುತ್ತಿದ್ದಾಗ, ಹಾರ್ಟ್ ಅಟ್ಯಾಕ್ ಆದ ಅಮ್ಮ ಹತ್ತು ನಿಮಿಷದ ದಾರಿಯ ಆಸ್ಪತ್ರೆಯಲ್ಲಿ ಮಲಗಿದ್ದರು. ನೀನು ಬಂದದ್ದು ಎರಡು ಸಲ. ಫಾದರ್ ಬಂದು, ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆಯನ್ನು ಹಣೆಗೆ ಹಚ್ಚಿದರು. ಮರುದಿನ ಕ್ಯಾಸೆಟ್ಟಿನ ಕವರು ಪ್ರೆಸ್ಸಿಗೆ ಹೋಗಬೇಕಿತ್ತು, ಅದರ ಮರುದಿನ ನಿನ್ನ ವಿಮಾನ. ಹೇಗೂ ಇವತ್ತೋ ನಾಳೆಯೋ ಎಂದು ನೀನು ಅಂದುಕೊಂಡೆ, ಅಲ್ವಾ? ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದವರನ್ನು ಕಂಡಿದ್ದೇನೆ. ಹೆತ್ತವಳ ಉಸಿರು ನಿಲ್ಲುವ ಮೊದಲೇ ಶ್ರದ್ಧಾಂಜಲಿ ಅಚ್ಚು ಹಾಕಿಸಿದವನನ್ನು ನಮ್ಮ ಮನೆಯಲ್ಲೇ ಕಂಡೆ. ನೀನು ಹೋದ ಮೂರನೇ ದಿನ ಅಮ್ಮ ಕಣ್ಣು ಬಿಟ್ಟು ಗಂಜಿ ಕೇಳಿದರು. ಓಡಿಹೋಗಿ ಬೂತಿನಿಂದ ನಿನಗೆ ಫೋನ್ ಮಾಡಿದೆ. "ನಿಜವಾ?" ಎಂದು ನೀನು ಮೂರು ಮೂರು ಸಲ ಕೇಳಿದೆ. ಸಂತೋಷಕ್ಕೆ ಎಂದುಕೊಂಡೆ, ಬೆಪ್ಪಿ ನಾನು.

ಅಷ್ಟೇ ಆಗಿದ್ದರೆ ಗಡಿಬಿಡಿಯ ತಪ್ಪು ಎಂದು ನುಂಗಿಕೊಳ್ಳುತ್ತಿದ್ದೆ. ಆದರೆ ಹೊರಡುವಾಗ ಲಿಯೋನೆಲ್ ಗೇಟಿನ ಹತ್ತಿರ ನಿಂತು ಎಲ್ಲ ಹೇಳಿದ. ಪ್ರತಿ ಕಾರ್ಯಕ್ರಮದಲ್ಲಿ ಕೊನೆಯ ಹಾಡಿಗೆ ಮೊದಲು ದೀಪ ಕಡಿಮೆ ಮಾಡಿಸಿ, ಅಮ್ಮನ ಕಡೆಯ ಮಾತು ಹೇಳುತ್ತೀಯಂತೆ. "ಗೋದಲಿಯ ಮುಂದೆ ಹಾಡು ಮಗಾ, ನಾನು ಮೇಲಿಂದ ಕೇಳ್ತೇನೆ." ಹೆಂಗಸರೆಲ್ಲ ಅಳುತ್ತಾರಂತೆ. ಅಲ್ಲಿನವರು ಸೇರಿ ಅಮ್ಮನ ಆತ್ಮಶಾಂತಿಗೆ ಇಗರ್ಜಿಯಲ್ಲಿ ಒಂದು ಪೂಜೆಯನ್ನೂ ಮಾಡಿಸಿದರಂತೆ, ಎದುರಿನ ಬೆಂಚಿನಲ್ಲಿ ನೀನು ಕರಿ ಕೋಟು ಹಾಕಿ ಕುಳಿತಿದ್ದೆಯಂತೆ. ನಾಚಿಕೆ ಆಗಲಿಲ್ಲವಾ ನಿನಗೆ? ಕಡೆಯ ಮಾತಂತೆ, ಕರ್ಮ! ಬೀಳುವ ಮೊದಲು ಅಮ್ಮ ನಿನಗೆ ಹೇಳಿದ್ದು "ಮಳೆ ಬರ್ತದೆ, ಆ ಬಟ್ಟೆ ಒಳಗೆ ತಕೊಂಡು ಬಾ" ಅಂತ. ನೀನು ಹಾಡಿನ ಹಾಳೆಯಿಂದ ತಲೆ ಎತ್ತದೆ "ಹೂಂ" ಎಂದೆ, ಏಳಲಿಲ್ಲ. ಅವರೇ ಹೋದರು, ಹಗ್ಗದ ಕೆಳಗೆ ಬಿದ್ದರು. ನಾನು ಅಡುಗೆಮನೆಯಿಂದ ನೋಡಿದ್ದೇನೆ. ಇದನ್ನು ಈವರೆಗೆ ಯಾರಲ್ಲೂ ಹೇಳಿಲ್ಲ. ಲಿಯೋನೆಲ್ ಹೇಳಿದ್ದನ್ನೂ ಅಮ್ಮನ ಕಿವಿಗೆ ಹಾಕಿಲ್ಲ.

ಅಮ್ಮ ಕ್ಯಾಸೆಟ್ಟನ್ನು ಎರಡೂ ಬದಿ ಕೇಳಿದರು. ನೀನು ಚೆನ್ನಾಗಿ ಹಾಡಿದ್ದೀ, ಸುಳ್ಳು ಹೇಳುವುದಿಲ್ಲ, ಅದೇ ನನಗೆ ಹೊಟ್ಟೆ ಉರಿ. ಭಾನುವಾರ ಇಗರ್ಜಿಗೆ ಬರಲು ಒಪ್ಪಲಿಲ್ಲ, ಕಂಡವರು ಹೆದರುತ್ತಾರೆ ಎಂದರು. ಕ್ರಿಸ್ಮಸ್ ತಿಂಡಿಗೆ ಅಕ್ಕಿ ಎಷ್ಟು ತರಿಸಲಿ ಎಂದರೆ "ಸಾವಾದ ಮನೆಯಲ್ಲಿ ಈ ವರ್ಷ ತಿಂಡಿ ಮಾಡುವ ಕ್ರಮ ಉಂಟಾ?" ಎಂದು ಕೇಳಿದರು. ನಗುತ್ತಲೇ ಕೇಳಿದರು. ಆ ನಗು ನೀನು ನೋಡಬೇಕಿತ್ತು.

ಮಕ್ಕಳಿಗೆ ನನ್ನ ಮುತ್ತು. ಅಮ್ಮನ ಆಶೀರ್ವಾದ ಬರೆಯಲೇ ಎಂದು ಕೇಳಿದೆ, ಅವರು ಜಪಮಾಲೆ ತೆಗೆದುಕೊಂಡು ಒಳಗೆ ಹೋದರು. ಹಾಗಾಗಿ ನನ್ನದು ಮಾತ್ರ ಇಟ್ಟುಕೋ. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ಇಮೆಲ್ಡಾ

ಮರೆತೆ: ಇನ್ನೊಮ್ಮೆ ಅಟ್ಯಾಕ್ ಆದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ, ಅದು ಅಮ್ಮನಿಗೂ ಗೊತ್ತುಂಟು. ನಿನ್ನೆ ನನ್ನ ಕೈಯನ್ನು ಜಪಮಾಲೆಯ ಮೇಲೆ ಇಡಿಸಿ ಮಾತು ತೆಗೆದುಕೊಂಡರು. "ನಾನು ಸತ್ತರೆ ಅವನಿಗೆ ಫೋನ್ ಮಾಡ್ಬೇಡ. ಅವ ಒಮ್ಮೆ ಅತ್ತು ಆಯ್ತಲ್ಲ." ನಾನು ಮಾತು ಕೊಟ್ಟಿದ್ದೇನೆ, ನಡೆಸಿಯೇ ನಡೆಸುತ್ತೇನೆ. ಬರುವುದಿದ್ದರೆ ಈಗಲೇ ಬಾ.